ಅಮ್ಮನ ಮೋಟಾರಿನ ತಾಮ್ರ

ಆ ಬೆಳಿಗ್ಗೆ ಕಿರುಗಾವಲಿನ ಮೇಲೆ ಮಂಜು ಕೂತಿತ್ತು. ಕಬ್ಬಿನ ಸೋಗೆಗಳ ತುದಿಗಳು ಮಾತ್ರ ಅದರ ಮೇಲೆ ತೇಲುತ್ತಿದ್ದವು. ಮಳವಳ್ಳಿ ಬಸ್ಸು ದೀಪ ಉರಿಸಿಕೊಂಡು, ತುಂಬು ಗಬ್ಬದ ಹಸುವಿನಂತೆ ಮೆಲ್ಲಗೆ ಬಂದು ನಿಂತು ಹೋಯಿತು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಮುದ್ದಯ್ಯ ಗೋಡೆಯ ಮೇಲಿನ ಮಾದಪ್ಪನ ಪಟಕ್ಕೆ ಊದುಬತ್ತಿ ಬೆಳಗಿ ಕೈ ಮುಗಿಯುತ್ತಿದ್ದಾಗ ಅಂಗಳದಲ್ಲಿ ಬೈಕೊಂದು ಬಂದು ನಿಂತಿತು.

ಇಳಿದವರು ಇಬ್ಬರು. ಬೈಕು ಓಡಿಸುತ್ತಿದ್ದವನು ಹುಣಸೇಕೊಪ್ಪಲು ಗ್ರಾಮ ಪಂಚಾಯಿತಿ ಅಧ್ಯಕ್ಷ ಶಿವರಾಜು. ಹಿಂದೆ ಕೂತಿದ್ದವನು ಅದೇ ಊರಿನ ನೀರುಗಂಟಿ ಚಿಕ್ಕಬೋರಯ್ಯ. ಮೋಟಾರು ಹಾಕಿ, ಟ್ಯಾಂಕು ತುಂಬಿಸಿ, ವಾಲ್ವು ತಿರುಗಿಸಿ ಬೀದಿಬೀದಿಗೆ ಕುಡಿಯುವ ನೀರು ಬಿಡುವುದು ಅವನ ಕೆಲಸ. ವಾಲ್ವು ತಿರುಗಿಸುವ ಕಬ್ಬಿಣದ ಸಲಾಕೆ ಇಪ್ಪತ್ತು ವರ್ಷದಿಂದ ಅವನ ಹೆಗಲ ಮೇಲೇ ಇರುತ್ತಿತ್ತು. ಆ ದಿನ ಅದನ್ನು ಬೈಕಿನ ಮಗ್ಗುಲಿಗೆ ಕಟ್ಟಲಾಗಿತ್ತು. ಪಂಪ್‌ಹೌಸಿನ ಬೀಗದ ಕೈ ಗೊಂಚಲು ಶಿವರಾಜುವಿನ ಅಂಗಿಯ ಜೇಬಿನಲ್ಲಿ ಜೋತಾಡುತ್ತಿತ್ತು.

"ಕಂಪ್ಲೇಂಟ್ ಕೊಡಕ್ ಬಂದೆ ಮುದ್ದಯ್ಯಣ್ಣ. ಕಳ್ಳನ್ನೂ ನಾನೇ ಕರ್ಕಬಂದಿವ್ನಿ," ಎಂದ ಶಿವರಾಜು.

"ಕಳ್ಳನ್ನ ಹಿಂದ್ಗಡೆ ಸೀಟಲ್ಲಿ ಕೂರುಸ್ಕಂಡು ಬಂದೋನ್ನ ಇವತ್ತೇ ಕಣಪ್ಪ ನಾನು ನೋಡ್ತಿರದು," ಎಂದ ಮುದ್ದಯ್ಯ. "ಒಳಿಕ್ಕೆ ಬನ್ನಿ."

ಸಬ್ ಇನ್‌ಸ್ಪೆಕ್ಟರ್ ರಂಜಿತ ಇಬ್ಬರನ್ನೂ ಕೂರಿಸಿದರು. ಪೊಲೀಸ್ ಕೆಲಸಕ್ಕೆ ಸೇರುವ ಮುಂಚೆ ಅವರು ಮಂಡ್ಯದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದ್ದರು. ಟ್ಯೂಬ್‌ಲೈಟು ಕೆಟ್ಟಾಗಷ್ಟೇ ಠಾಣೆಗೆ ಅದು ನೆನಪಾಗುತ್ತಿತ್ತು.

ದೂರು ಹೀಗಿತ್ತು. ಊರಿಗೆ ನೀರೆತ್ತಲು ಏಳೂವರೆ ಎಚ್‌ಪಿಯ ಎರಡು ಮೋಟಾರುಗಳಿವೆ, ಒಂದೇ ಕಂಪನಿಯವು, ಒಟ್ಟಿಗೇ ಬಂದವು. ಒಂದು ಸುಟ್ಟುಹೋದಾಗ ಚಿಕ್ಕಬೋರಯ್ಯ ಅದನ್ನು ಮದ್ದೂರಿನ ವೈಂಡಿಂಗ್ ಅಂಗಡಿಯ ಅಂಕಯ್ಯನ ಹತ್ತಿರ ಒಯ್ದ. ಹಳೆಯ ಸುರುಳಿಯ ತಾಮ್ರವನ್ನು ಅಂಗಡಿಗೆ ಕೊಟ್ಟು, ಬದಲಿಗೆ ಹೊಸ ತಾಮ್ರದ ತಂತಿ ಸುತ್ತಿಸಿಕೊಳ್ಳುವುದು ಈ ಸೀಮೆಯ ರೂಢಿ. ಮೋಟಾರು ವಾಪಸು ಬಂತು, ಎರಡು ತಿಂಗಳಲ್ಲೇ ಮತ್ತೆ ಸುಟ್ಟಿತು. ಊರಿನ ಎಲೆಕ್ಟ್ರಿಷಿಯನ್ ಅಪ್ಪು ಬಿಚ್ಚಿ ನೋಡಿದರೆ ತಂತಿಗೆ ತಾಮ್ರದ ತೆಳುವಾದ ಹೊದಿಕೆ ಮಾತ್ರ, ಬ್ಲೇಡಿನಲ್ಲಿ ಕೆರೆದರೆ ಒಳಗೆಲ್ಲ ಬೆಳ್ಳಗಿನ ಅಲ್ಯೂಮಿನಿಯಂ.

"ಅಂಕಯ್ಯ ಏನಂತಾನೆ?" ರಂಜಿತ ಕೇಳಿದರು.

"ನಾನು ಸುತ್ತಿದ್ದು ತಾಮ್ರನೇ, ಮಧ್ಯದಲ್ಲಿ ಯಾರೋ ಬದ್ಲಾಯ್ಸವ್ರೆ ಅಂತಾನೆ. ಅಂಗಡಿಯಿಂದ ಬಂದ ಮೋಟ್ರು ಒಂದು ವಾರ ಇವ್ನ ಮನೆ ಜಗ್ಲಿ ಮೇಲೇ ಇತ್ತು ಮೇಡಂ."

"ಯಾಕಿತ್ತು, ಚಿಕ್ಕಬೋರಯ್ಯ?"

"ಪಂಪ್‌ಹೌಸ್ ನೆಲಕ್ಕೆ ಸಿಮೆಂಟ್ ಆಕಿದ್ರು ಕನವ್ವ. ಒಣಗ್ಲಿ ಅಂದ್ಬುಟ್ಟು ಮಡಗಿದ್ದೆ."

"ಮೋಟಾರು ಬಿಚ್ಚಿದ್ರಾ?"

"ಇಲ್ಲ."

"ಬೇರೆ ಯಾರಾದ್ರೂ?"

"ನಮ್ಮವ್ಳು ಶಿವನಂಜಿ ಅದ್ರ ಮೇಲೆ ಒಂದಿನ ಸಂಡಿಗೆ ತಟ್ಟೆ ಇಟ್ಟಿದ್ಲು. ಅಷ್ಟೇಯ."

ಮುದ್ದಯ್ಯ ನಗು ತಡೆದುಕೊಂಡ. ಚಿಕ್ಕಬೋರಯ್ಯ ನಗಲಿಲ್ಲ. "ಕೆಲ್ಸ ಓದ್ರೆ ಓಗ್ಲಿ ಕನವ್ವ," ಎಂದ. "ನಲ್ಲಿ ತಾವ ಶಿವನಂಜಿ ಕೊಡಕ್ಕೆ ಯಾರೂ ಜಾಗ ಬುಡ್ತಿಲ್ಲ. ಕುಡಿಯೋ ನೀರ್ಗೆ ದ್ರೋಹ ಮಾಡ್ದೋನ ಎಂಡ್ತಿ ಅಂತಾರೆ. ಅದ್ನ ತಡಿಯಕ್ಕಾಯ್ತಿಲ್ಲ."

ಬೆಳಿಗ್ಗೆ ಒಂಬತ್ತೂವರೆಗೆ ಕಳವಿನ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಚಿಕ್ಕಬೋರಯ್ಯನನ್ನು ಬಂಧಿಸಲಿಲ್ಲ. ಕರೆದಾಗ ಬರಬೇಕೆಂದು ನೋಟಿಸು ಕೊಟ್ಟು, ಅವನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹುಣಸೇಕೊಪ್ಪಲಿಗೆ ಹೊರಟರು.

ಪಂಪ್‌ಹೌಸಿನ ಎರಡು ಮೋಟಾರಿಗೂ ಹಣೆಯ ಮೇಲೆ ವಿಭೂತಿಯಿತ್ತು. ಜೋಡೆತ್ತಿಗೆ ಹೆಸರಿಡುವಂತೆ ಚಿಕ್ಕಬೋರಯ್ಯ ಅವಕ್ಕೂ ಹೆಸರಿಟ್ಟಿದ್ದ. ಎಡಗಡೆಯದು ಕೆಂದ, ಇನ್ನೂ ಕಂಪನಿಯ ಸುರುಳಿಯಲ್ಲೇ ಓಡುತ್ತಿದ್ದದ್ದು. ಬಲಗಡೆಯದು ಮಾಸ, ಸುಟ್ಟದ್ದು. ಮಾಸನ ನೀರು ಹೋಗುತ್ತಿದ್ದದ್ದು ಕೆಳಗಿನ ಬೀದಿಗೆ. ಅಲ್ಲಿಯ ಹೆಂಗಸರು ಈಗ ಗದ್ದೆ ಪಂಪಿನಿಂದ ನೀರು ಹೊರುತ್ತಿದ್ದರು. ಜೀಪು ಕಂಡು ಅವರು ಬೇಲಿಯ ಹತ್ತಿರ ಗುಂಪಾದರು.

ರಂಜಿತ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಅಪ್ಪುವಿನಿಂದ ಎರಡು ಮೀಟರು ಇಸಿದುಕೊಂಡರು. ಆಮೇಲೆ ಮುದ್ದಯ್ಯನ ಕಡೆ ತಿರುಗಿದರು.

"ಜೀಪಿನ ಬ್ಯಾಟರಿ ಬಿಚ್ಚಿ."

"ಮೇಡಂ, ಆಮೇಕೆ ಜೀಪು ತಳ್ಳೋರ್ಯಾರು? ನನ್ ಸೊಂಟ ಸರ್ಕಾರದ್ದಲ್ಲ."

"ಶಿವರಾಜು ತಳ್ತಾರೆ. ಬಿಚ್ಚಿ."

ಬೇಲಿಯಾಚೆ ಹೆಂಗಸರು ಕಿಸಕ್ಕೆಂದರು. ಅಪ್ಪು ತಲೆ ಕೆರೆದುಕೊಂಡ. "ಮೀಟ್ರಲ್ಲೇ ಓಮ್ ತೋರ್ಸೋ ಗುಂಡಿ ಐತಲ್ಲ ಮೇಡಂ. ಬ್ಯಾಟ್ರಿ ಯಾಕೆ?"

"ಮೋಟಾರು ಸುರುಳಿಯ ರೋಧ ಬಹಳ ಕಮ್ಮಿ ಅಪ್ಪು. ಆ ಗುಂಡಿ ನಿನ್ನ ಮೀಟರ್ ವೈರಿನ ರೋಧಾನೂ ಸೇರಿಸಿ ಹೇಳಿಬಿಡತ್ತೆ. ಎಷ್ಟು ವೋಲ್ಟ್ ಕೊಟ್ವಿ ಅನ್ನೋದನ್ನ ಒಂದು ಮೀಟರು ಹೇಳಲಿ, ಎಷ್ಟು ಆಂಪಿಯರ್ ಹರೀತು ಅನ್ನೋದನ್ನ ಇನ್ನೊಂದು ಹೇಳಲಿ. ವೋಲ್ಟನ್ನ ಆಂಪಿಯರ್‌ನಿಂದ ಭಾಗಿಸಿದ್ರೆ ರೋಧ."

"ಅಂದ್ರೆ ಇಬ್ರು ಸಾಕ್ಷಿನ ಬೇರೆಬೇರೆ ಕೋಣೇಲಿ ಕೂರ್ಸಿ ಕೇಳ್ದಂಗೆ," ಎಂದ ಮುದ್ದಯ್ಯ.

"ಹಾಗೇ."

ಮೊದಲು ಕೆಂದ. ಕರೆಂಟು ತೆಗೆದು, ವೈರುಗಳು ಸೇರುವ ಡಬ್ಬಿ ಬಿಚ್ಚಿ, ಮೂರು ಸುರುಳಿಗಳ ಆರು ತುದಿಗಳನ್ನು ಬಿಡಿಸಿದರು. ಒಂದು ಸುರುಳಿಗೆ ಬ್ಯಾಟರಿ ಹಿಡಿದಾಗ ಒಂದು ಮೀಟರು ಹನ್ನೆರಡು ವೋಲ್ಟ್ ಎಂದಿತು, ಇನ್ನೊಂದು ಆರು ಆಂಪಿಯರ್ ಎಂದಿತು. ಹನ್ನೆರಡನ್ನು ಆರರಿಂದ ಭಾಗಿಸಿದರೆ ಎರಡು. ಎರಡು ಓಮ್. ಉಳಿದೆರಡು ಸುರುಳಿಗಳೂ ಅದನ್ನೇ ಹೇಳಿದವು.

ಆಮೇಲೆ ಮಾಸ. ಅದರ ಎರಡು ಸುರುಳಿ ಕರಿಕಲಾಗಿದ್ದವು, ಒಂದು ಉಳಿದಿತ್ತು. ಅದೇ ಬ್ಯಾಟರಿ, ಅದೇ ಹನ್ನೆರಡು ವೋಲ್ಟ್. ಹರಿದದ್ದು ಮೂರು ಮುಕ್ಕಾಲು ಆಂಪಿಯರ್ ಮಾತ್ರ. ಭಾಗಿಸಿದರೆ ಮೂರು ಪಾಯಿಂಟ್ ಎರಡು ಓಮ್. ಅಷ್ಟೇ ಉದ್ದದ, ಅಷ್ಟೇ ದಪ್ಪದ ತಂತಿ ಒಳಗೆ ಅಲ್ಯೂಮಿನಿಯಂ ಆಗಿದ್ದರೆ ತಾಮ್ರಕ್ಕಿಂತ ರೋಧ ಇಷ್ಟು ಹೆಚ್ಚುತ್ತದೆ.

"ಕಮ್ಮಿ ಕರೆಂಟು ತಿಂತದೆ ಅಂದ್ರೆ ಒಳ್ಳೇ ಮೋಟ್ರೇ ಅಲ್ವಾ ಮೇಡಂ?" ಎಂದ ಶಿವರಾಜು.

"ಬ್ಯಾಟರಿ ಮುಂದೆ ಸುಮ್ಮನೆ ನಿಂತಾಗ ಕಮ್ಮಿ. ನೀರೆತ್ತೋಕೆ ನಿಂತಾಗ ಕೆಂದ ಎಷ್ಟು ಎಳೀತಾನೋ ಮಾಸನೂ ಅಷ್ಟೇ ಎಳೀಬೇಕು. ಒಂದೊಂದು ಸುರುಳಿಗೆ ಆರು ಆಂಪಿಯರ್ ಅಂತಿಟ್ಕೊಳ್ಳಿ. ಆರನ್ನ ಆರರಿಂದ ಗುಣಿಸಿ, ಅದನ್ನ ರೋಧದಿಂದ ಗುಣಿಸಿದ್ರೆ ಸುರುಳಿಯಲ್ಲಿ ಶಾಖವಾಗಿ ಹೋಗೋ ಪವರ್ರು ಸಿಗತ್ತೆ. ಕೆಂದನ ಎರಡು ಓಮ್‌ಗೆ ಎಪ್ಪತ್ತೆರಡು ವ್ಯಾಟ್. ಮಾಸನಿಗೆ ನೂರಾ ಹದಿನೈದು. ಮೂರು ಸುರುಳಿ ಸೇರಿದ್ರೆ ನೂರಾ ಮೂವತ್ತು ವ್ಯಾಟ್ ಹೆಚ್ಚು. ಹಳೇ ಕಾಲದ ಅರವತ್ತರ ಬಲ್ಬು ಎರಡನ್ನ ಅದರ ಹೊಟ್ಟೆಯೊಳಗೆ ದಿನವೆಲ್ಲ ಉರಿಸಿಟ್ಟ ಹಾಗೆ."

ಚಿಕ್ಕಬೋರಯ್ಯ ಮಾಸನ ಬೆನ್ನಿನ ಮೇಲೆ ಕೈಯಿಟ್ಟ. "ಅದ್ಕೆಯಾ ಜ್ವರ ಬಂದ ಎತ್ತಿನಂಗೆ ಮೈ ಸುಡ್ತಿದ್ದದ್ದು! ನಾನು ಒದ್ದೆ ಗೋಣಿ ಒದಿಸ್ತಿದ್ದೆ ಕನವ್ವ. ಪಂಚಾಯ್ತಿಗೂ ಯೋಳಿದ್ದೆ."

ಶಿವರಾಜು ಜೇಬಿನ ಬೀಗದ ಕೈ ಗೊಂಚಲನ್ನು ತಡವಿಕೊಂಡ. ಹೇಳಿದ್ದು ಅವನಿಗೆ ನೆನಪಿತ್ತು.

ಪಂಚನಾಮೆಯಾಯಿತು. ಜೀಪಿಗೆ ಬ್ಯಾಟರಿ ಮತ್ತೆ ಕೂತಿತು. ಯಾರೂ ತಳ್ಳಬೇಕಾಗಲಿಲ್ಲ. ಆದರೆ ರಂಜಿತರ ಮುಖದಲ್ಲಿ ಗೆಲುವಿರಲಿಲ್ಲ. ಲೆಕ್ಕ ಹೇಳಿದ್ದು ಏನು ಎಂಬುದನ್ನು ಮಾತ್ರ, ಯಾರು ಎಂಬುದನ್ನಲ್ಲ.

ಮದ್ದೂರು ಠಾಣೆಗೆ ತಿಳಿಸಿ, ಅವರು ಮಧ್ಯಾಹ್ನ ಅಂಕಯ್ಯನ ಅಂಗಡಿಗೆ ಹೋದರು. ರೈತರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವಂಥ ಅಂಗಡಿ ಅದು. ಪಟ್ಟಲದಮ್ಮ ದೇವಿಯ ದೊಡ್ಡ ಪಟಕ್ಕೆ ಆಗತಾನೇ ಕೊಯ್ದ ಕಣಗಿಲೆ ಮುಡಿಸಲಾಗಿತ್ತು. ಅಂಕಯ್ಯನ ಹಣೆಯ ಕುಂಕುಮ ಅಚ್ಚುಕಟ್ಟಾಗಿತ್ತು. ಬೆರಳುಗಳು ತಂತಿ ಎಳೆದು ಎಳೆದು ಒರಟಾಗಿದ್ದವು.

"ಹುಣಸೇಕೊಪ್ಪಲಿನ ಮೋಟಾರು ಸುತ್ತಿದ್ದು ಯಾರು?"

"ನಾನೇಯ. ಬ್ಯಾರೆಯೋರ್ಗೆ ಮುಟ್ಟಾಕ್ ಬುಡಾಕಿಲ್ಲ."

"ಯಾವ ತಂತಿ?"

"ತಾಮ್ರ."

"ಈಗ ಅದರಲ್ಲಿ ಅಲ್ಯೂಮಿನಿಯಂ ಇದೆ."

"ನನ್ ಬಾಗ್ಲು ದಾಟೋಗಂಟ ನನ್ ಜವಾಬ್ದಾರಿ. ಆಚೆಗೆ ನೀರುಗಂಟಿನ ಕೇಳಿ."

ಜೀಪಿನಲ್ಲಿ ಕೂತಿದ್ದ ಚಿಕ್ಕಬೋರಯ್ಯ ಈ ಮಾತು ಕೇಳಿಸಿಕೊಂಡ. ತನ್ನ ಫೋನು ತೆಗೆದು ಮುದ್ದಯ್ಯನ ಕೈಗೆ ಕೊಟ್ಟ. ಸುತ್ತಲ ತಾಲ್ಲೂಕುಗಳ ನೀರುಗಂಟಿಗಳದ್ದೊಂದು ವಾಟ್ಸಾಪ್ ಗುಂಪಿತ್ತು. ಕರೆಂಟು ಯಾವಾಗ ಬರುತ್ತೆ, ಪೈಪು ಎಲ್ಲಿ ಒಡೆದಿದೆ, ಯಾರ ಮನೆಯಲ್ಲಿ ನಾಮಕರಣ ಎಂಬುದೆಲ್ಲ ಅದರಲ್ಲಿ ಹರಿಯುತ್ತಿತ್ತು.

"ನಮ್ ಮೋಟ್ರಂತವೇ ಇನ್ನೂ ಬೇಕಾದಷ್ಟು ಊರಲ್ಲವೆ. ಅಂಕಯ್ಯನ ತಾವ ಯಾವ್ಯಾವು ಸುತ್ಸವ್ರೆ ಅಂತ ಕೇಳ್ಳಾ ಸಾರ್?"

"ಕೇಳ್ಲಾ ಮಾರಾಯ! ಬೆಳಗ್ಗಿಂದ ಬಾಯಿ ಒಲ್ಕಂಡಿದ್ಯಾ?" ಎಂದ ಮುದ್ದಯ್ಯ.

ಮೊದಲು ಬಂದದ್ದು ಬೈಗುಳ. ಚಿಕ್ಕಬೋರಯ್ಯನಿಗಲ್ಲ, ಅವನ ಮೇಲೆ ದೂರು ಕೊಟ್ಟವರಿಗೆ. ಆಮೇಲೆ ಊರುಗಳ ಹೆಸರು ಬಂದವು. ಮರುದಿನ ಜೀಪು ಯಲಿಯೂರು ಕಡೆಗೆ ಹೋಯಿತು, ಅಲ್ಲಿಂದ ಹಲಗೂರಿನಾಚೆಯ ಗೌಡನಕಟ್ಟೆಗೆ. ಹೋದಲ್ಲೆಲ್ಲ ಬ್ಯಾಟರಿ ಇಳಿಯಿತು, ಪಂಚರು ನಿಂತರು, ಮೀಟರುಗಳು ತಮ್ಮ ತಮ್ಮ ಮಾತು ಹೇಳಿದವು. ಅಂಕಯ್ಯ ಸುತ್ತಿದ ಮೋಟಾರುಗಳಲ್ಲೆಲ್ಲ ಮೂರು ಪಾಯಿಂಟ್ ಎರಡರ ಆಸುಪಾಸು. ಅವನ್ನು ಸಾಗಿಸಿದವರು ಬೇರೆಬೇರೆ, ಟ್ರ್ಯಾಕ್ಟರುಗಳು ಬೇರೆಬೇರೆ. ಅಂಗಡಿ ಮಾತ್ರ ಒಂದೇ.

ರಂಜಿತ ಅಂಕಯ್ಯನಿಗೆ ಫೋನು ಮಾಡಿದರು. ಅವನ ಉತ್ತರ ಸಿದ್ಧವಾಗಿತ್ತು.

"ಅಂಗಾದ್ರೆ ತಂತಿ ಮಾರ್ದೋನು ನನ್ಗೇ ಮೋಸ ಮಾಡವ್ನೆ ಮೇಡಂ. ಮೇಲ್ನೋಟಕ್ಕೆ ಎಲ್ಡೂ ಒಂದೇ ತರ. ನನ್ಗೇನ್ ಗೊತ್ತಾಯ್ತದೆ?"

ಫೋನು ಇಟ್ಟು ರಂಜಿತ ಗೌಡನಕಟ್ಟೆಯ ಅರಳಿಕಟ್ಟೆಯ ಮೇಲೆ ಕೂತರು. ಮಾತು ಸುಳ್ಳೆಂದು ಅವರಿಗೆ ಗೊತ್ತಿತ್ತು. ಆದರೆ ಗೊತ್ತಿದ್ದೂ ಮಾಡಿದ ಎಂದು ತೋರಿಸದ ಹೊರತು ವಂಚನೆಯ ಆರೋಪ ನ್ಯಾಯಾಲಯದಲ್ಲಿ ನಿಲ್ಲದು. ಚಿಕ್ಕಬೋರಯ್ಯನ ಮೇಲಿನ ಅನುಮಾನವೂ ಪೂರ್ತಿ ತೊಳೆದುಹೋಗದು. ಕೆಳಗಿನ ಬೀದಿಯಲ್ಲಿ ಯಾರಾದರೊಬ್ಬರು, ಇವನೂ ಅಂಕಯ್ಯನೂ ಸೇರಿಕೊಂಡೇ ಮಾಡಿದರು ಎಂದೇ ಎನ್ನುತ್ತಾರೆ.

ಗೌಡನಕಟ್ಟೆಯ ನೀರುಗಂಟಿ ಮಜ್ಜಿಗೆ ತಂದುಕೊಟ್ಟು ಹೇಳಿದ: "ನಮ್ದೂ ಅಮ್ಮನ್ದೂ ಒಂದೇ ಟ್ರ್ಯಾಕ್ಟರಲ್ಲಿ ಓಗಿ, ಒಂದೇ ದಿನ ಬಂದ್ವು ಮೇಡಂ. ಅಮ್ಮನ್ದು ಮಾತ್ರ ತಣ್ಣಗೆ ಓಡ್ತದೆ. ನಮ್ದು ಕೆಂಡ."

"ಯಾವ ಅಮ್ಮ?"

"ಪಟ್ಟಲದಮ್ಮ. ಗುಡಿ ದಾಸೋಹಕ್ಕೆ ನೀರೆತ್ತೋ ಮೋಟ್ರು. ಅದೂ ಇಂತದ್ದೇಯ."

ರಂಜಿತ ಲೋಟ ಕೆಳಗಿಟ್ಟು ಎದ್ದರು.

ಗುಡಿಯ ಹಿಂದೆ ಮೋಟಾರಿತ್ತು. ರಂಜಿತ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬಂದರು. ಮುದ್ದಯ್ಯ ಬ್ಯಾಟರಿ ಹೊತ್ತು ತಂದ. ಪೂಜಾರಿ ಅಡ್ಡ ನಿಂತ.

"ಅಮ್ಮನ್ದು ಬಿಚ್ಬೇಕಾದ್ರೆ ಅಮ್ಮನ್ನ ಒಂದ್ಮಾತು ಕೇಳ್ಬೇಕು ಕಣಮ್ಮ."

"ಕೇಳಿ ಅಯ್ಯಾ. ಕಾಯ್ತೀವಿ."

ಪೂಜಾರಿ ದೇವಿಯ ಎರಡು ಹೆಗಲಿಗೂ ಹೂವಿಟ್ಟು ಕೈಮುಗಿದು ನಿಂತ. ಎಲ್ಲರೂ ನಿಂತರು. ದಾಸೋಹದ ಒಲೆಯ ಸೌದೆ ಚಟಪಟ ಎನ್ನುವುದೊಂದೇ ಸದ್ದು. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ಜಾರಿ ಕೆಳಗೆ ಬಿತ್ತು.

"ಬಲಕ್ ಕೊಟ್ಳು. ಬಿಚ್ಚಿ," ಎಂದ ಪೂಜಾರಿ.

"ಮೇಡಂ," ಮುದ್ದಯ್ಯ ಪಿಸುಗುಟ್ಟಿದ, "ಇದ್ನೂ ಪಂಚನಾಮೆಗೆ ಬರೀಲಾ?"

"ಬೇಡ. ಮನಸ್ಸಲ್ಲಿಟ್ಕೊಳ್ಳಿ."

ಬ್ಯಾಟರಿ ಹಿಡಿದರು. ಹನ್ನೆರಡು ವೋಲ್ಟ್. ಎರಡನೆಯ ಮೀಟರಿನ ಸಂಖ್ಯೆ ಏರಿ, ತೊನೆದಾಡಿ, ನಿಂತಿತು. ಆರು ಆಂಪಿಯರ್. ಎರಡು ಓಮ್. ಮೂರು ಸುರುಳಿಗೂ ಎರಡೇ ಓಮ್. ಅಚ್ಚ ತಾಮ್ರ.

ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಕೈ ಎರಡು ಮೋಟಾರು ಸುತ್ತಿತ್ತು. ಊರಿನದಕ್ಕೆ ಸುಳ್ಳು ತಂತಿ, ದೇವಿಯದಕ್ಕೆ ನಿಜದ್ದು. ಯಾವುದು ಯಾವುದೆಂದು ಆ ಕೈಗೆ ಗೊತ್ತಿತ್ತು.

"ಸಿಕ್ಬಿದ್ದ!" ಎಂದು ಮುದ್ದಯ್ಯ ಗುಡಿಯೆಂಬುದನ್ನೂ ಮರೆತು ತೊಡೆ ತಟ್ಟಿದ. ಮರುಕ್ಷಣವೇ ಕೆನ್ನೆ ಬಡಿದುಕೊಂಡು, ತಪ್ಪಾಯ್ತು ತಾಯಿ ಎಂದ. ಪೂಜಾರಿ ನಕ್ಕು ಅವನ ಹಣೆಗೆ ಕುಂಕುಮವಿಟ್ಟ.

ಸಂಜೆ ನಾಲ್ಕಕ್ಕೆ ಜೀಪು ಮತ್ತೆ ಮದ್ದೂರಿನಲ್ಲಿತ್ತು.

"ಗೌಡನಕಟ್ಟೆಯಿಂದ ಎಷ್ಟು ಮೋಟಾರು ಬಂದಿದ್ವು ಅಂಕಯ್ಯ?"

"ಎಲ್ಡು."

"ಒಂದೇ ದಿನ ಸುತ್ತಿದ್ರಾ?"

"ಊಂ."

"ತಂತಿ ಒಂದೇ ಕಡೆ ತಂದದ್ದಾ?"

"ಒಂದೇ ಕಡೆ."

"ಅಮ್ಮನ ಮೋಟಾರಿಗೆ ಎರಡು ಓಮ್. ಊರಿನ ಮೋಟಾರಿಗೆ ಮೂರು ಪಾಯಿಂಟ್ ಎರಡು. ಯಾಕೆ?"

ಅಂಕಯ್ಯನ ಕಣ್ಣು ತಾನಾಗಿ ಗೋಡೆಯ ಪಟದ ಕಡೆ ಹೋಯಿತು. ಹಾಗೇ ನೋಡುತ್ತ, ಪಟದ ಮುಂದೆ ನೆಲದ ಮೇಲೆ ಕೂತ.

"ಅಮ್ಮನ್ ನೀರ್ಗೆ ಕೈ ಆಕಕ್ಕೆ ಧೈರ್ಯ ಬರ್ನಿಲ್ಲ ಮೇಡಂ."

"ಊರಿನ ಹೆಂಗಸರು ಕುಡಿಯೋ ನೀರು ಯಾರದು ಅಂಕಯ್ಯ?"

ಅಂಕಯ್ಯ ತಾನೇ ಎದ್ದು, ಹಿಂದಿನ ಕೋಣೆಯ ದೇವರ ಗೂಡಿನ ಕೆಳಗೆ ಅಡಗಿಸಿಟ್ಟಿದ್ದ ಮೂಟೆಗಳನ್ನು ತೋರಿಸಿದ. ಊರೂರಿನ ಮೋಟಾರುಗಳಿಂದ ಬಿಡಿಸಿದ ಹಳೆಯ ತಾಮ್ರ. ಉಜ್ಜಿ, ತೊಳೆದು, ಸುರುಳಿ ಸುತ್ತಿ ಇಟ್ಟಿದ್ದು. ಒಂದೆಳೆಯನ್ನೂ ಮಾರಿರಲಿಲ್ಲ. ಪಂಚರ ಮುಂದೆ ಜಪ್ತಿಯಾಯಿತು. ಬಂಧನದ ಕಾರಣವನ್ನು ಅವನಿಗೆ ತಿಳಿಸಿ, ಮನೆಯವರಿಗೂ ತಿಳಿಸಿ, ವೈದ್ಯರ ತಪಾಸಣೆಯಾದ ಮೇಲೆ ಮಳವಳ್ಳಿಯ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ಪ್ರಕರಣಕ್ಕೆ ವಂಚನೆಯ ಕಲಂ ಸೇರಿತು. ಚಿಕ್ಕಬೋರಯ್ಯನ ಹೆಸರನ್ನು ಆರೋಪದಿಂದ ಕೈಬಿಡಲು ವರದಿ ಹೋಯಿತು.

ಮಾರದ ತಾಮ್ರ ಯಾಕೆ ಬೇಕಿತ್ತೆಂಬುದನ್ನು ಅಂಕಯ್ಯ ದಾರಿಯಲ್ಲಿ, ಯಾರೂ ಕೇಳದೆ, ಹೇಳಿದ. ಮಗಳು ದೀಪಿಕ ಹಿಂದಿನ ವರ್ಷ ಡೆಂಗಿಯಲ್ಲಿ ಕಣ್ಣು ಮೇಲೆ ಮಾಡಿದ್ದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನು ಹರಕೆ ಹೊತ್ತಿದ್ದ: ಮಗಳು ಉಳಿದರೆ ಪಟ್ಟಲದಮ್ಮನ ಗರ್ಭಗುಡಿಯ ಬಾಗಿಲಿಗೆ ಪೂರ್ತಿ ತಾಮ್ರ ಹೊದಿಸುತ್ತೇನೆ. ಮಗಳು ಉಳಿದಳು, ಈಗ ಕಾಲೇಜಿಗೆ ಹೋಗುತ್ತಾಳೆ. ಹರಕೆ ಮಾತ್ರ ಅವನ ಕೈಗಿಂತ ದೊಡ್ಡದಾಗಿತ್ತು. ಒಂದು ಹಿಡಿ ಹೂವಿಗೂ ಅಮ್ಮ ಒಪ್ಪುತ್ತಿದ್ದಳೇನೋ. ಕೇಳಲು ಅವನು ಹೋಗಲೇ ಇಲ್ಲ.

"ಬಾಗ್ಲಿಗೆ ಒದಿಸೋ ತಾಮ್ರ ಊರ್ ಬಾವಿಯಿಂದ ಕಿತ್ಯಲ್ಲೋ ಅಂಕಯ್ಯ," ಎಂದ ಮುದ್ದಯ್ಯ. ಅವನ ದನಿಯಲ್ಲಿ ಕೋಪಕ್ಕಿಂತ ಮರುಕವೇ ಹೆಚ್ಚಿತ್ತು.

ನ್ಯಾಯಾಲಯದ ಆದೇಶ ಪಡೆದು ತಾಮ್ರ ಆಯಾ ಪಂಚಾಯಿತಿಗಳಿಗೆ ಮರಳಿತು. ಮಾಸನನ್ನು ಮಂಡ್ಯದಲ್ಲಿ ಹೊಸದಾಗಿ ಸುತ್ತಿಸಿದರು. ಅದು ಊರಿಗೆ ಬಂದ ದಿನ ಯಾರೂ ಕರೆಯದಿದ್ದರೂ ಸುತ್ತಲ ಊರಿನ ನೀರುಗಂಟಿಗಳೆಲ್ಲ ಬಂದಿದ್ದರು, ಹೆಗಲ ಮೇಲೆ ಸಲಾಕೆ ಹೊತ್ತು, ದಂಡು ಬಂದ ಹಾಗೆ. ರಂಜಿತ ಇನ್ನೊಮ್ಮೆ ಬ್ಯಾಟರಿ ಇಳಿಸಿದರು. ಮೂರು ಸುರುಳಿಯನ್ನೂ ಅಳೆದು ಅವರು ಎರಡು ಓಮ್ ಎಂದಾಗ ಬೇಲಿಯ ಹತ್ತಿರ ನಿಂತಿದ್ದ ಹೆಂಗಸರು, ಓಮ್ ಎಂದರೇನೆಂದು ತಿಳಿಯದಿದ್ದರೂ, ಚಪ್ಪಾಳೆ ತಟ್ಟಿದರು. ಅಪ್ಪು ಸ್ಟಾರ್ಟರ್ ಒತ್ತಿದ. ಮಾಸ ಗುಂಯ್‌ಗುಟ್ಟಿತು. ಪೈಪು ಒಮ್ಮೆ ಕೆಮ್ಮಿ, ನೀರು ಟ್ಯಾಂಕಿಗೆ ಏರಿತು.

"ಏ ಶಿವನಂಜಮ್ಮ, ಹಿಂದ್ಕೇನ್ ನಿಂತ್ಕಂಡಿದ್ದೀಯೇ? ಮೊದಲ್ನೇ ಕೊಡ ನಿನ್ದೇ ಕಣಮ್ಮ, ಬಾ," ಎಂದು ಕೆಳಗಿನ ಬೀದಿಯ ಮುದುಕಿಯೊಬ್ಬಳು ಕೈಹಿಡಿದು ಅವಳನ್ನು ಮುಂದಕ್ಕೆ ಎಳೆದಳು.

ಚಿಕ್ಕಬೋರಯ್ಯ ಅದೊಂದನ್ನೂ ನೋಡುತ್ತಿರಲಿಲ್ಲ. ಅವನು ಮಾಸನ ಬೆನ್ನಿನ ಮೇಲೆ ಅಂಗೈಯಿಟ್ಟು ನಿಂತಿದ್ದ. ಬಹಳ ಹೊತ್ತಾದರೂ ಕೈ ತೆಗೆಯಲಿಲ್ಲ. ಮೈ ಹದವಾಗಿ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಶಿವರಾಜು ಹಿಂದಿನಿಂದ ಬಂದ. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು, ಟವೆಲಿನಲ್ಲಿ ಒರೆಸಿ, ಚಿಕ್ಕಬೋರಯ್ಯನ ಇನ್ನೊಂದು ಕೈಯೊಳಗಿಟ್ಟು ಆ ಬೆರಳುಗಳನ್ನು ತಾನೇ ಮಡಿಸಿದ. ಆಮೇಲೆ ಕಬ್ಬಿಣದ ಸಲಾಕೆಯನ್ನು ಎತ್ತಿ, ಸದ್ದಾಗದ ಹಾಗೆ, ಅವನ ಹೆಗಲ ಮೇಲೆ ಇಟ್ಟ.